ನಲವತ್ತೇಳು ನಿಮಿಷದ ದಾರಿ

ನಮ್ಮೂರಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ತೂಕಕ್ಕೆ ಹಾಕುತ್ತಾರೆ. ಪೆಟ್ಟಿಗೆಯನ್ನು ಮಾತ್ರವಲ್ಲ, ಪೆಟ್ಟಿಗೆ ಹಿಡಿದ ಮನುಷ್ಯನನ್ನೂ. ವಿಮಾನ ಚಿಕ್ಕದು, ಒಂಬತ್ತೇ ಸೀಟು. ಯಾರು ಎಷ್ಟು ಭಾರವೆಂದು ತಿಳಿಯದೆ ಯಾರನ್ನು ಮುಂದೆ ಕೂರಿಸಬೇಕು, ಯಾರನ್ನು ಹಿಂದೆ ಕೂರಿಸಬೇಕು ಎಂದು ಹೇಳಲಾಗುವುದಿಲ್ಲ. ಆ ತೂಕದ ಯಂತ್ರದ ಹಿಂದೆ ಹತ್ತೊಂಬತ್ತು ವರ್ಷಗಳಿಂದ ನಿಂತಿರುವ ಗುಮಾಸ್ತನು ನನ್ನ ಹಳೆಯ ವಿದ್ಯಾರ್ಥಿ. ಊರಿನ ಎಲ್ಲ ಹೆಂಗಸರ ತೂಕವೂ ಅವನಿಗೆ ಗೊತ್ತು. ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದವನಲ್ಲ. ಅಂಚೆಯವನ ಹೆಂಡತಿ ತನ್ನ ನಾದಿನಿಯ ತೂಕ ತಿಳಿದುಕೊಳ್ಳಬೇಕೆಂದು ಒಮ್ಮೆ ಅವನಿಗೆ ಎರಡು ಲೋಟ ಚಹಾ ಕುಡಿಸಿದಳಂತೆ. ಅವನು ಎರಡನ್ನೂ ನಿಧಾನವಾಗಿ ಕುಡಿದು ಮುಗಿಸಿ, "ನೀವಿಬ್ರೂ ಒಟ್ಟಿಗೆ ಹತ್ತಿದ್ರೂ ವಿಮಾನ ಮೇಲೆ ಏಳುತ್ತೆ ಅಕ್ಕಾ, ಹೆದ್ರಬೇಡಿ" ಎಂದನಂತೆ.

ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮೊನ್ನೆ ಮೊನ್ನೆಯವರೆಗೂ ಎಲ್ಲರಿಗೂ ಅವನು 'ನಲವತ್ತೇಳು'. ಈ ಅಡ್ಡಹೆಸರು ಹೇಗೆ ಬಂತೆಂದು ಹೇಳಬೇಕಾದರೆ ಮೊದಲು ದಾರಿಯ ವಿಷಯ ಹೇಳಬೇಕು.

ನಮ್ಮದು ಭೂಪಟದ ಮೇಲಂಚಿನಲ್ಲಿ, ಮಡಿಕೆ ಬಿದ್ದು ಸವೆದುಹೋಗುವ ಜಾಗದಲ್ಲಿರುವ ಊರು. ವರ್ಷದಲ್ಲಿ ಏಳು ತಿಂಗಳು ಹಿಮ. ನಮ್ಮಿಂದ ಹೊರಗೆ ಹೋಗಲು ರಸ್ತೆಯಿಲ್ಲ. ಬೇಸಿಗೆಯಲ್ಲಿ ದೋಣಿಯಿದೆ, ಅದು ಒಂದೂವರೆ ದಿನದ ಪ್ರಯಾಣ. ಚಳಿಗಾಲದಲ್ಲಿ ಕೊಲ್ಲಿಯೇ ಹೆಪ್ಪುಗಟ್ಟುವುದರಿಂದ ದೋಣಿಯೂ ಇಲ್ಲ. ಉಳಿದದ್ದು ವಿಮಾನ. ಅದು ಹೋಗುವುದು ಒಂದೇ ಜಾಗಕ್ಕೆ, ಕೊಲ್ಲಿಯ ಆಚೆಯ ನಿಲ್ದಾಣಕ್ಕೆ. ಅದೂ ನಮ್ಮಂಥದೇ ಒಂದು ಮೂಲೆ. ಆದರೆ ಅಲ್ಲಿ ಹಿಂದೆ ಗಣಿಯಿದ್ದುದರಿಂದ ಮೂರು ಮಹಡಿಯ ಆಸ್ಪತ್ರೆಯೊಂದಿದೆ. ಎರಡು ನಿಲ್ದಾಣಗಳ ನಡುವೆ ಇನ್ನೂರ ಮೂವತ್ತೈದು ಕಿಲೋಮೀಟರು. ವಿಮಾನದ ವೇಗ ಗಂಟೆಗೆ ಮುನ್ನೂರು ಕಿಲೋಮೀಟರು.

ಈ ಲೆಕ್ಕವನ್ನು ಅವನಿಗೆ ಕಲಿಸಿದವನು ನಾನೇ. ನಿಲ್ದಾಣ ಆಗಷ್ಟೇ ಹೊಸದಾಗಿ ತೆರೆದಿತ್ತು. ಪುಸ್ತಕದಲ್ಲಿನ ರೈಲನ್ನು ಕಂಡರಿಯದ ಮಕ್ಕಳಿಗೆ ವಿಮಾನವಾದರೂ ಅರ್ಥವಾಗಲೆಂದು ಆ ಸಂಖ್ಯೆಗಳನ್ನೇ ಹಲಗೆಯ ಮೇಲೆ ಬರೆದೆನು. ದೂರವನ್ನು ವೇಗದಿಂದ ಭಾಗಿಸಿ, ಅರವತ್ತರಿಂದ ಗುಣಿಸಿದರೆ ಸರಿಯಾಗಿ ನಲವತ್ತೇಳು ನಿಮಿಷ. ಮೇಲೊಂದು ಚೂರು ಇಲ್ಲ, ಕೆಳಗೊಂದು ಚೂರು ಇಲ್ಲ. ಶೇಷವಿಲ್ಲದ ಉತ್ತರ ಬಂದಾಗ ಮೇಷ್ಟರಿಗೆ ಆಗುವ ಸಂತೋಷ ಮೇಷ್ಟರಿಗೇ ಗೊತ್ತು. ತರಗತಿಯಲ್ಲಿ ಮೊದಲು ಕೈ ಎತ್ತಿದವನು ಅವನು. ಉತ್ತರ ಹೇಳಿದ ಮೇಲೂ ಕೈ ಇಳಿಸಲಿಲ್ಲ. ಏನೆಂದು ಕೇಳಿದೆನು. "ಗಾಳಿ ಎದುರಿಗಿದ್ರೆ, ಮೇಷ್ಟ್ರೇ?" ಎಂದನು. ಗಾಳಿಯನ್ನು ಬಿಡು, ಅದು ಲೆಕ್ಕದಲ್ಲಿಲ್ಲ ಎಂದು ನಾನು ಹೇಳಿದೆನು. ಅವನು ಕೈ ಇಳಿಸಿ, ಉತ್ತರದ ಕೆಳಗೆ ಅಡಿಕೋಲು ಇಟ್ಟು ಎರಡು ಗೆರೆ ಎಳೆದನು.

ಅವನ ತಂದೆ ಮೊದಲೇ ಹೋಗಿದ್ದರು. ಅವನಿಗೆ ಹತ್ತೊಂಬತ್ತು ತುಂಬುವ ಹೊತ್ತಿಗೆ ತಾಯಿಯೂ ಹೋದರು. ಹತ್ತು ವರ್ಷದ ತಂಗಿಯನ್ನು ಸಾಕುವ ಹೊಣೆ ಅವನ ತಲೆಗೆ ಬಿತ್ತು. ಹತ್ತು ವರ್ಷ ನಿಲ್ದಾಣದಲ್ಲಿ ಸರಕು ಹೊತ್ತನು. ಮುಂಜಾನೆ ಎದ್ದು ತಂಗಿಗೆ ಜಡೆ ಹಾಕಿ, ಶಾಲೆಯ ಬಾಗಿಲವರೆಗೆ ಬಂದು ಬಿಟ್ಟು ಹೋಗುತ್ತಿದ್ದನು. ಜಡೆ ಯಾವಾಗಲೂ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಹುಡುಗಿಯರು ನಕ್ಕರೆ, "ನಮ್ಮಣ್ಣನ ಅಳತೆ ತಪ್ಪಲ್ಲ, ನನ್ನ ತಲೇನೇ ಸೊಟ್ಟ" ಎಂದು ಅವಳು ಎದುರುತ್ತರ ಕೊಡುತ್ತಿದ್ದಳು. ಅವಳ ಬಾಯಿ ಅಷ್ಟು ಚುರುಕು. ಮುಂದೆ ಅವನಿಗೆ ಗುಮಾಸ್ತನ ಕೆಲಸ ಸಿಕ್ಕಿತು. ತಂಗಿ ಅದೇ ನಿಲ್ದಾಣದ ಕಾಯುವ ಕೋಣೆಯಲ್ಲಿ ಒಂದು ಮೂಲೆ ಹಿಡಿದು ಚಹಾದ ಅಂಗಡಿ ಇಟ್ಟಳು. ರನ್‌ವೇಯ ಹಿಮ ತೆಗೆಯುವ ಗಾಡಿಯ ಡ್ರೈವರನನ್ನೇ ಮದುವೆಯಾದಳು. ಅಣ್ಣ ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ ತಂಗಿಯೇ ಉತ್ತರ ಕೊಡುವಳು: ಇವನ ತೂಕದ ಯಂತ್ರ ಹತ್ತುವ ಧೈರ್ಯ ಯಾವ ಹೆಣ್ಣಿಗಿದೆ?

ನಾನು ನಿವೃತ್ತನಾದ ಮೇಲೆ ದಿನವೂ ಆ ಕಾಯುವ ಕೋಣೆಗೆ ಹೋಗಿ ಕೂರುವುದು ಅಭ್ಯಾಸವಾಯಿತು. ಅಲ್ಲಿ ಮೂರು ಬೆಂಚು, ಒಂದು ಹೀಟರು, ಗೋಡೆಯಲ್ಲೊಂದು ಗಡಿಯಾರ. ಕೌಂಟರಿನ ಹಿಂದೆ ರೇಡಿಯೊ ಮತ್ತು ಹಸಿರು ರಟ್ಟಿನ ರಿಜಿಸ್ಟರು. ಮನೆಯ ಹೀಟರಿಗಿಂತ ಅಲ್ಲಿನದು ಬೆಚ್ಚಗೆಂದು ನೆಪ ಹೇಳುತ್ತಿದ್ದೆ. ನಿಜವಾಗಿ ಹೋಗುತ್ತಿದ್ದುದು ಆ ಅಣ್ಣ ತಂಗಿಯರ ಮಾತು ಕೇಳಲು.

ಕೆಲಸಕ್ಕೆ ಸೇರಿದ ಮೊದಲನೆಯ ಚಳಿಗಾಲದಲ್ಲೇ ಅವನಿಗೆ ಗಾಳಿಯ ಪರಿಚಯ ಚೆನ್ನಾಗಿ ಆಯಿತು. ನಮ್ಮಲ್ಲಿ ಚಳಿಗಾಲದ ಗಾಳಿ ಕೊಲ್ಲಿಯ ಆಚೆಯಿಂದ ಈಚೆಗೆ ಬೀಸುತ್ತದೆ. ವಿಮಾನ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. ಹೋಗಲು ಎಪ್ಪತ್ತು ನಿಮಿಷವಾದರೆ ಬರಲು ಮೂವತ್ತೈದೇ ಆಗುವುದುಂಟು. ವೇಳಾಪಟ್ಟಿಗಿಂತ ಹತ್ತು ನಿಮಿಷ ತಡವಾದರೂ ಸಾಕು, ಮೂರು ಪುಟದ 'ವಿಳಂಬ ವಿವರಣೆ' ಭರ್ತಿ ಮಾಡಿ ಕೇಂದ್ರ ಕಚೇರಿಗೆ ಕಳಿಸಬೇಕು. ಅವನು ಶ್ರದ್ಧೆಯ ಹುಡುಗ; ಆ ಚಳಿಗಾಲದಲ್ಲಿ ಅರವತ್ತೊಂದು ವಿವರಣೆ ಬರೆದು ಕಳಿಸಿದನು. ಅರವತ್ತೊಂದೂ ಹಿಂದಿರುಗಿ ಬಂದವು. ಗಾಳಿ ಪ್ರತಿ ವರ್ಷವೂ ಬೀಸುವುದರಿಂದ ಅದನ್ನು ವಿಶೇಷ ಕಾರಣವೆಂದು ಪರಿಗಣಿಸಲಾಗುವುದಿಲ್ಲ, ಸೂಕ್ತ ಕಾರಣ ನಮೂದಿಸಿ ಎಂದು ಪ್ರತಿಯೊಂದರ ಮೇಲೂ ಮುದ್ರೆ. ಜೊತೆಗೆ ಪೈಲಟ್ಟಿಗೊಂದು, ಅವನಿಗೊಂದು ಎಚ್ಚರಿಕೆಯ ಪತ್ರ.

ಆಗಿನ ಪೈಲಟ್ ಹಳಬರು, ಈಗ ಇಲ್ಲ. ಅವರು ಇವನ ಹೆಗಲ ಮೇಲೆ ಕೈ ಹಾಕಿ ಬುದ್ಧಿ ಹೇಳಿದರು. ಹೋಗುವಾಗ ಕಳಕೊಂಡದ್ದು ಬರುವಾಗ ಸಿಗುತ್ತದೆ, ಎರಡನ್ನೂ ಕೂಡಿಸಿ ಹಂಚಿಬಿಟ್ಟರೆ ನಿನ್ನ ಮೇಷ್ಟರ ಲೆಕ್ಕಕ್ಕೆ ಬಂದು ನಿಲ್ಲುತ್ತದೆ, ಸುಮ್ಮನೆ ನಲವತ್ತೇಳು ಎಂದು ಬರೆ ಎಂದರು. ಬಂದು ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೂಡಿಸಿ ಹಂಚಿದರೂ ಐದಾರು ನಿಮಿಷ ಹೆಚ್ಚೇ. ಆದರೂ ಬರೆದನು. ಕೊಲ್ಲಿಯ ಆಚೆಯ ಗುಮಾಸ್ತನೂ ರೇಡಿಯೊದಲ್ಲಿ ಒಪ್ಪಿದನು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ, ದನಿಯ ಗೆಳೆತನ. ಅಂದಿನಿಂದ ವಿಮಾನ ಅಲ್ಲಿ ಇಳಿದಾಗ ಆಚೆಯವನು ರೇಡಿಯೊದಲ್ಲಿ ಹೇಳುವುದು ಒಂದೇ ಮಾತು: "ನಲವತ್ತೇಳು." ಇವನು ಅದನ್ನು ಗಟ್ಟಿಯಾಗಿ ಪುನಃ ಹೇಳಿ ರಿಜಿಸ್ಟರಿನಲ್ಲಿ ಬರೆಯುವನು.

ಹದಿನೆಂಟು ವರ್ಷ ಹೀಗೆ ನಡೆಯಿತು. ಬೆಂಚಿನ ಮೇಲೆ ಕೂತು ಕಾಯುವ ಹೆಂಡತಿಯರು, ತಾಯಂದಿರು ಗಡಿಯಾರ ನೋಡುತ್ತಿರಲಿಲ್ಲ. ಆ ಮಾತಿಗೆ ಕಿವಿಗೊಡುತ್ತಿದ್ದರು. ನಲವತ್ತೇಳು ಎಂದರೆ ತಮ್ಮವರು ಸುಖವಾಗಿ ಇಳಿದರು ಎಂದು ಅರ್ಥ. ಬರಬರುತ್ತ ಊರಿನ ಮಾತಿನಲ್ಲೇ ಅದು ಸೇರಿಹೋಯಿತು. ಪರೀಕ್ಷೆ ಪಾಸಾದ ಹುಡುಗ ಮನೆಗೆ ಓಡಿ ಬಂದು "ನಲವತ್ತೇಳು" ಎನ್ನುವನು. ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿ ಅಜ್ಜಿ "ನಲವತ್ತೇಳು" ಎನ್ನುವಳು. ಹೊರಗಿನಿಂದ ಬಂದ ಪ್ರಯಾಣಿಕರು ಹಾರಾಟ ಎಷ್ಟು ಹೊತ್ತಿನದೆಂದು ಕೇಳಿದರೆ ತಂಗಿ ಚಹಾ ಸೋಸುತ್ತಲೇ, ಅವರ ಪ್ರಶ್ನೆ ಮುಗಿಯುವ ಮೊದಲೇ ಹೇಳಿಬಿಡುವಳು. ಯಾರಿಗೂ ಅದರಿಂದ ಕೇಡಾಗಲಿಲ್ಲ. ಕೇಡಾಗಲಿಲ್ಲವೆಂದೇ ನಾವೆಲ್ಲ ನಂಬಿದ್ದೆವು.

ಕಳೆದ ವರ್ಷ ಬೇಸಿಗೆಯಲ್ಲಿ ಎರಡು ಸುದ್ದಿಗಳು ಒಂದೇ ವಾರದಲ್ಲಿ ಬಂದವು. ಮೊದಲನೆಯದು ಸಂತೋಷದ್ದು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತಂಗಿ ಬಸುರಿಯಾಗಿದ್ದಳು. ಅವಳ ಗಂಡ ಹಿಮವಿಲ್ಲದ ರನ್‌ವೇಯ ಮೇಲೆ ಹಿಮದ ಗಾಡಿಯನ್ನು ಎರಡು ಸುತ್ತು ಓಡಿಸಿ ಬೈಸಿಕೊಂಡನು. ಗುಮಾಸ್ತನು ಅಂದು ತೂಕ ಮಾಡುವಾಗಲೆಲ್ಲ ತಪ್ಪು ಮಾಡಿದನು; ನನ್ನನ್ನು ಸುಮ್ಮನೆ ಯಂತ್ರದ ಮೇಲೆ ನಿಲ್ಲಿಸಿ, "ಮೇಷ್ಟ್ರೇ, ನೀವು ಮಾತ್ರ ವರ್ಷಾ ವರ್ಷಾ ಇಳೀತಾ ಇದೀರಿ, ನಮ್ಮನೇಲಿ ಒಬ್ರು ಏರ್ತಾ ಇದಾರೆ" ಎಂದನು.

ಎರಡನೆಯ ಸುದ್ದಿ ಸುತ್ತೋಲೆಯ ರೂಪದಲ್ಲಿ ಬಂತು. ನಮ್ಮ ಊರಿನ ಆಸ್ಪತ್ರೆ ಎಂದರೆ ಆರು ಹಾಸಿಗೆ, ಒಂದು ಆಪರೇಷನ್ ಕೋಣೆ, ಒಬ್ಬರು ಶಸ್ತ್ರವೈದ್ಯರು. ದೊಡ್ಡ ಆಸ್ಪತ್ರೆಯನ್ನು ಒಂದು ಗಂಟೆಯೊಳಗೆ ಮುಟ್ಟಬಹುದಾದ ಊರುಗಳಿಗೆ ಇನ್ನು ಮುಂದೆ ಬೇರೆ ಆಪರೇಷನ್ ಕೋಣೆ ಇರುವುದಿಲ್ಲ ಎಂದು ಸುತ್ತೋಲೆ ಹೇಳಿತು. ಹದಿನೆಂಟು ವರ್ಷಗಳ ದಾಖಲೆ ಪರಿಶೀಲಿಸಲಾಗಿ ತಮ್ಮ ನಿಲ್ದಾಣದಿಂದ ಸದರಿ ಆಸ್ಪತ್ರೆಗೆ ಪ್ರಯಾಣದ ಅವಧಿ ಎಲ್ಲ ಋತುಗಳಲ್ಲಿಯೂ ನಲವತ್ತೇಳು ನಿಮಿಷವಾಗಿರುತ್ತದೆ. ಆದಕಾರಣ ಶಸ್ತ್ರವೈದ್ಯರನ್ನು ಚಳಿಗಾಲಕ್ಕೆ ಮೊದಲು ವರ್ಗಾಯಿಸಲಾಗುವುದು.

ಅವನು ಅದನ್ನು ನನ್ನ ಮನೆಗೆ ತಂದು ಓದಿದನು. ಓದುವಾಗ 'ಎಲ್ಲ ಋತುಗಳಲ್ಲಿಯೂ' ಎಂಬಲ್ಲಿ ನಿಂತನು. ತಂಗಿಯ ದಿನ ತುಂಬುವುದು ನಡುಚಳಿಗಾಲದಲ್ಲಿ. ವಯಸ್ಸಾದ ಬಸುರಿ, ಹೊಟ್ಟೆ ಕುಯ್ದೇ ಮಗುವನ್ನು ತೆಗೆಯಬೇಕಾಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು.

"ಹೋಗ್ತಾ ಬರ್ತಾ ಸರಿಹೋಗುತ್ತೆ ಅಂದ್ಕೊಂಡಿದ್ದೆ ಮೇಷ್ಟ್ರೇ," ಎಂದನು. "ಕಾಯಿಲೆಯವರು ಬರೀ ಹೋಗೋ ದಾರೀಲಿರ್ತಾರೆ."

ಅವನು ಸುಮ್ಮನೆ ಕೂರಲಿಲ್ಲ, ಅದನ್ನು ನಾನು ಒತ್ತಿ ಹೇಳಬೇಕು. ದಾಖಲೆ ಸುಳ್ಳು, ಬರೆದವನು ನಾನೇ ಎಂದು ಕೇಂದ್ರ ಕಚೇರಿಗೆ ಪತ್ರ ಹಾಕಿದನು. ಕೆಲಸ ಹೋಗುತ್ತದೆ, ಪಿಂಚಣಿ ಹೋಗುತ್ತದೆ ಎಂದು ತಂಗಿಯ ಗಂಡನೇ ತಡೆಯಲು ನೋಡಿದನು. "ಭಾವ, ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೋಬೇಡಿ. ಒಂದು ತಿಂಗಳು ಮುಂಚೆ ಅವಳನ್ನ ಆಚೆ ಕರ್ಕೊಂಡು ಹೋಗಿ ರೂಮು ಮಾಡಿ ಇಟ್ಕೊಳ್ತೀನಿ, ಮುಗೀತು" ಎಂದನು. ಊರಿನಲ್ಲಿ ಅವಳೊಬ್ಬಳೇ ಅಲ್ಲ, ಹೊಟ್ಟೆನೋವು ಒಂದು ತಿಂಗಳು ಮುಂಚೆ ಹೇಳಿ ಬರುವುದಿಲ್ಲ ಎಂದು ಇವನು ಉತ್ತರ ಕೊಟ್ಟನು. ತಂಗಿ ಮಾತ್ರ ಅಂದು ಅವನನ್ನು ಕೆಣಕಲಿಲ್ಲ. ಒಂದು ಲೋಟ ಚಹಾ ತಂದು ಅವನ ಮುಂದಿಟ್ಟು, ಸಕ್ಕರೆ ಹಾಕಿ ತಾನೇ ಕದಡಿ ಕೊಟ್ಟಳು.

ಮಳೆ ಮುಗಿದು ಚಳಿ ಹತ್ತುವ ಹೊತ್ತಿಗೆ ಮೂವರು ಅಧಿಕಾರಿಗಳು ವಿಚಾರಣೆಗೆ ಬಂದರು. ಬಂದದ್ದು ಕೊಲ್ಲಿಯ ಆಚೆಯಿಂದ, ಬೆಳಗಿನ ಹೊತ್ತು, ಬೆನ್ನಗಾಳಿಯಲ್ಲಿ. ಮೂವತ್ತೆಂಟೇ ನಿಮಿಷಕ್ಕೆ ಇಳಿದರು. ಅವರ ಮುಖ್ಯಸ್ಥರು ದಪ್ಪ ಕನ್ನಡಕದ, ನಗುಮುಖದ ಮನುಷ್ಯ. ವಿಮಾನದಿಂದ ಇಳಿದವರೇ ಗಡಿಯಾರ ನೋಡಿ, ನಿಮ್ಮ ನಲವತ್ತೇಳಕ್ಕಿಂತ ಒಂಬತ್ತು ನಿಮಿಷ ಮೊದಲೇ ಬಂದೆವಲ್ಲ ಎಂದು ಇವನ ಬೆನ್ನು ತಟ್ಟಿದರು.

ಕಾಯುವ ಕೋಣೆಯಲ್ಲೇ ಮೇಜು ಹಾಕಿ ವಿಚಾರಣೆ ನಡೆಯಿತು. ಊರಿನ ಹಿರಿಯನೆಂದು ನನ್ನನ್ನೂ ಕೂರಿಸಿಕೊಂಡರು. ಮೇಜಿನ ಮೇಲೆ ಹದಿನೆಂಟು ವರ್ಷಗಳ ಹಸಿರು ರಿಜಿಸ್ಟರುಗಳು. ಅವನ ಅಕ್ಷರ ಎಷ್ಟು ದುಂಡಗೆ, ಎಷ್ಟು ಸಾಲಾಗಿತ್ತೆಂದರೆ ಮುಖ್ಯಸ್ಥರು ಪುಟ ಮಗುಚುತ್ತ ಪಕ್ಕದವರಿಗೆ ತೋರಿಸಿ ಮೆಚ್ಚಿದರು. ಆ ಅಕ್ಷರವನ್ನು ತಿದ್ದಿಸಿದವನು ನಾನು. ಹೆಮ್ಮೆಪಡಬೇಕಾದ ಜಾಗದಲ್ಲಿ ತಲೆ ತಗ್ಗಿಸಿ ಕೂತೆನು.

"ಇದು ನಿಮ್ಮ ಕೈಬರಹ ತಾನೆ?" ಎಂದು ಮುಖ್ಯಸ್ಥರು ಕೇಳಿದರು.

"ಹೌದು ಸರ್. ಬರೆದಿರೋದು ಸುಳ್ಳು."

"ಹದಿನೆಂಟು ವರ್ಷ ಸುಳ್ಳು ಬರೆದ್ರಿ, ಇವತ್ತು ನಿಜ ಹೇಳ್ತಾ ಇದೀರಿ."

"ಹೌದು ಸರ್."

"ನಿಮ್ಮ ತಂಗಿಗೆ ಈಗ ಎಷ್ಟು ತಿಂಗಳು?"

ಮೂಲೆಯಲ್ಲಿ ಲೋಟ ತೊಳೆಯುತ್ತಿದ್ದ ತಂಗಿ ಕೈ ಒರೆಸಿಕೊಂಡು, "ಐದು" ಎಂದು ತಾನೇ ಹೇಳಿದಳು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಯಾವ ಅಣ್ಣನಾದರೂ ಇದನ್ನೇ ಮಾಡುತ್ತಿದ್ದನು, ಆದರೆ ಒಬ್ಬರ ಬಾಯಿಮಾತಿಗಾಗಿ ಇಷ್ಟು ದಾಖಲೆಯನ್ನು ತಳ್ಳಿಹಾಕುವುದು ಹೇಗೆ ಎಂದು ಬಹಳ ಮೃದುವಾಗಿ ಹೇಳಿದರು. ಗದರಿದ್ದರೆ ಚೆನ್ನಾಗಿತ್ತು. ಪೈಲಟ್ಟನ್ನು ಕರೆಸಿದರು. ಈಗಿನ ಪೈಲಟ್ ಹಳಬರ ಮಗ. ಅವನು ನೆಲ ನೋಡುತ್ತ, ಚಳಿಗಾಲದಲ್ಲಿ ಒಂದೆರಡು ನಿಮಿಷ ಹೆಚ್ಚು ಕಡಿಮೆ ಆಗಬಹುದು ಎಂದನು.

ಹೊರಡುವಾಗ ಗುಮಾಸ್ತನು ಮುಖ್ಯಸ್ಥರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಹಿಂದಿರುಗುವಾಗ ಒಮ್ಮೆ ಗಡಿಯಾರ ನೋಡಬೇಕೆಂದು ಕೈಮುಗಿದು ಕೇಳಿಕೊಂಡನು. ಖಂಡಿತ ನೋಡುತ್ತೇನೆ ಎಂದು ಅವರು ಮಾತು ಕೊಟ್ಟರು. ಹೊಟ್ಟೆ ತುಂಬ ಊಟ ಮಾಡಿದ್ದರು. ವಿಮಾನ ಮೇಲೇರುವ ಮೊದಲೇ ಮೂವರೂ ಕಣ್ಣು ಮುಚ್ಚಿದರೆಂದು ಪೈಲಟ್ ಆಮೇಲೆ ಹೇಳಿದನು.

ನಾವು ರೇಡಿಯೊದ ಮುಂದೆ ಕೂತೆವು. ಗೋಡೆಯ ಗಡಿಯಾರದಲ್ಲಿ ನಲವತ್ತೇಳು ನಿಮಿಷ ಕಳೆಯಿತು. ಐವತ್ತೈದಾಯಿತು. ಒಂದು ಗಂಟೆ ದಾಟಿದಾಗ ಅವನ ಮುಖದಲ್ಲಿ ಸ್ವಲ್ಪ ಕಳೆ ಬಂತು. ಅರವತ್ತಮೂರನೆಯ ನಿಮಿಷದಲ್ಲಿ ರೇಡಿಯೊ ಗರಗರ ಎಂದಿತು. ಆಚೆಯವನ ದನಿ: "ನಲವತ್ತೇಳು."

"ಗಡಿಯಾರ ನೋಡಿ ಹೇಳೋ," ಎಂದನು ಇವನು.

ಆಚೆಯವನು ದನಿ ತಗ್ಗಿಸಿದನು: "ಸಾಹೇಬ್ರು ಪಕ್ಕದಲ್ಲೇ ನಿಂತಿದಾರೆ. ನಂಗೂ ಮಕ್ಕಳಿದಾರೆ ಕಣೋ. ನಲವತ್ತೇಳು."

ಆಚೆಯಿಂದ ಬಂದ ಸಂಖ್ಯೆಯನ್ನೇ ರಿಜಿಸ್ಟರಿನಲ್ಲಿ ಬರೆಯಬೇಕೆಂಬುದು ನಿಯಮ. ಅವನು ಪೆನ್ನು ಹಿಡಿದುಕೊಂಡು ನನ್ನ ಕಡೆ ನೋಡಿದನು. ಅರವತ್ತಮೂರು ಬರೆ ಎಂದು ನಾನು ಹೇಳಬಹುದಿತ್ತು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಬೋಧಿಸಿದವನು ಆ ಹೊತ್ತಿನಲ್ಲಿ ಹೀಟರಿನ ಕಡೆ ಕೈ ಚಾಚಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆನು. ಅವನು ನಲವತ್ತೇಳು ಎಂದು ಬರೆದನು.

ತೀರ್ಮಾನ ಎರಡು ವಾರದಲ್ಲಿ ಬಂತು. ದಾಖಲೆಗಳು ಸರಿಯಾಗಿವೆ. ಸುಳ್ಳು ಬರೆದೆನೆಂದು ಅವನೇ ಒಪ್ಪಿಕೊಂಡರೂ, ಬರೆದಿಲ್ಲವೆಂದು ಅವರೇ ತೀರ್ಪು ಕೊಟ್ಟದ್ದರಿಂದ ಅವನ ಕೆಲಸಕ್ಕೆ ಏನೂ ಆಗಲಿಲ್ಲ. ಪಿಂಚಣಿಗೂ ಏನೂ ಆಗಲಿಲ್ಲ. ಅಚ್ಚುಕಟ್ಟಾದ ದಾಖಲೆಗೆಂದು ಮೆಚ್ಚುಗೆಯ ಪತ್ರವೊಂದು ಬಂತು. ಶಸ್ತ್ರವೈದ್ಯರು ಮೊದಲನೆಯ ಹಿಮ ಬಿದ್ದ ದಿನ ತಮ್ಮ ಎರಡು ಪೆಟ್ಟಿಗೆಗಳೊಡನೆ ತೂಕದ ಯಂತ್ರ ಹತ್ತಿದರು. ಗುಮಾಸ್ತನು ಅವರ ತೂಕ ಬರೆದುಕೊಂಡು, ಪುಸ್ತಕದ ಪೆಟ್ಟಿಗೆಯನ್ನು ತಾನೇ ಹೊತ್ತು ವಿಮಾನದಲ್ಲಿಟ್ಟು ಬಂದನು.

ತಂಗಿಯ ಗಂಡ ಹೇಳಿದ ಏರ್ಪಾಡೇ ಆಯಿತು. ದಿನ ತುಂಬಲು ಒಂದು ತಿಂಗಳಿರುವಾಗ ಆಚೆ ಹೋಗಿ ಉಳಿಯುವುದು. ಕೋಣೆ ಗೊತ್ತುಮಾಡಿದರು, ಚೀಲ ಕಟ್ಟಿಟ್ಟರು, ಮಂಗಳವಾರದ ವಿಮಾನದಲ್ಲಿ ಎರಡು ಸೀಟು ಹಿಡಿದರು. ಅವಳು ಚಹಾದ ಅಂಗಡಿಯನ್ನು ನನ್ನ ವಶಕ್ಕೆ ಒಪ್ಪಿಸುತ್ತ, ಎಲೆ ಎಷ್ಟು ಹಾಕಬೇಕು, ಎಷ್ಟು ಕುದಿಸಬೇಕು ಎಂದು ತಪ್ಪಿಲ್ಲದೆ ಹೇಳುವವರೆಗೂ ನನ್ನಿಂದ ಪಾಠ ಒಪ್ಪಿಸಿಕೊಂಡಳು. "ಒಂದು ದಿನ ಚಹಾ ಕೆಟ್ರೂ ಬೆಂಚಿನ ಮೇಲೆ ನಿಲ್ಲಿಸ್ತೀನಿ ಮೇಷ್ಟ್ರೇ, ನೀವು ನನ್ನನ್ನ ನಿಲ್ಲಿಸಿದ್ದು ನೆನಪಿದೆ" ಎಂದಳು.

ಮಂಗಳವಾರಕ್ಕೆ ಇನ್ನೂ ಐದು ದಿನ ಇತ್ತು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಕೌಂಟರಿನ ಮೇಲೆ ಲೋಟ ಇಡುತ್ತಿದ್ದವಳು ಹಾಗೇ ಕೆಳಗೆ ಕೂತಳು. ರಕ್ತ ಹೋಗತೊಡಗಿತ್ತು. ಆಸ್ಪತ್ರೆಯಿಂದ ನರ್ಸಮ್ಮ ಓಡಿ ಬಂದು ನೋಡಿ, ಇಲ್ಲಿ ನನ್ನ ಕೈಲಿ ಆಗುವಂಥದ್ದು ಏನೂ ಇಲ್ಲ ಎಂದರು. ಅವಳ ಗಂಡ ಹಿಮದ ಗಾಡಿ ಹತ್ತಿ ಅರ್ಧ ಗಂಟೆಯ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸಿ ರನ್‌ವೇ ತೆರೆದನು. ಹೊರಗೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ಕಂಬದಿಂದ ಅಡ್ಡಡ್ಡ ನೆಟ್ಟಗೆ ನಿಂತಿತ್ತು, ನಮ್ಮ ಕಡೆಗೆ ತುದಿಮಾಡಿ.

ಸ್ಟ್ರೆಚರನ್ನು ವಿಮಾನಕ್ಕೆ ಏರಿಸುವಾಗ ಅವಳು ಅಣ್ಣನ ತೋಳು ಹಿಡಿದುಕೊಂಡಳು. ಎಷ್ಟು ಹೊತ್ತಾಗುತ್ತದೆಂದು ಕೇಳಿದಳು. ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು, ವಿಚಾರಣೆಯಲ್ಲಿ ಎಲ್ಲವನ್ನೂ ಕೇಳಿದವಳು, ಆದರೂ ಕೇಳಿದಳು. ಅವನು ಅವಳ ಹಣೆಯ ಮೇಲಿನ ಕೂದಲು ಸರಿಸಿ ಹೇಳಿದನು: "ನಲವತ್ತೇಳು ನಿಮಿಷ ಕಣಮ್ಮ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ."

ಧೈರ್ಯ ಹೇಳಲು ಅವನಿಗೆ ಬೇರೆ ಮಾತು ಗೊತ್ತಿರಲಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ದಿನ ಕಾಯುವ ಕೋಣೆಗೆ ಊರಿನ ಅರ್ಧ ಜನ ಬಂದು ಸೇರಿದರು. ಯಾರೂ ಕೂರಲಿಲ್ಲ. ಒಂದು ಗಂಟೆಯಾಯಿತು. ಒಂದು ಗಂಟೆ ಹತ್ತು ನಿಮಿಷವಾಯಿತು. ನಡುವೆ ಅಂಚೆಯವನ ಹೆಂಡತಿ, ಈಗ ಹೇಳುತ್ತಾನೆ ನೋಡಿ, ನಲವತ್ತೇಳು ಅನ್ನುತ್ತಾನೆ ಎಂದು ಎರಡು ಸಲ ಅಂದಳು. ಗುಮಾಸ್ತನು ರೇಡಿಯೊದ ಮೇಲೆ ಬಾಗಿ, ಎರಡೂ ಕೈಗಳನ್ನು ಮೇಜಿಗೆ ಊರಿ ನಿಂತಿದ್ದನು. ಆ ಸುಳ್ಳು ಸಂಖ್ಯೆಗಾಗಿ ಅವನು ಅಂದು ಕಾದಷ್ಟು ಹದಿನೆಂಟು ವರ್ಷದಲ್ಲಿ ಎಂದೂ ಕಾದಿರಲಾರನು.

ರೇಡಿಯೊ ಗರಗರ ಎಂದಿತು. ಆಚೆಯವನ ದನಿ ಬಂತು, ನಿಂತಿತು, ಮತ್ತೆ ಬಂತು.

"ಎಂಬತ್ತಮೂರು," ಎಂದಿತು. "ಬರ್ಕೊ. ಎಂಬತ್ತಮೂರು."

ಬೇರೆ ಯಾರೂ ಏನನ್ನೂ ಹೇಳಬೇಕಾಗಲಿಲ್ಲ. ಅವನು ಆ ಸಂಖ್ಯೆಯನ್ನು ಗಟ್ಟಿಯಾಗಿ ಪುನಃ ಹೇಳದೆ ರಿಜಿಸ್ಟರು ಎಳೆದುಕೊಂಡು ದುಂಡಗೆ ಬರೆದನು. ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಹೊರಟುಹೋದರು.

ತಂಗಿ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು ಮಗು. ಅರ್ಧ ಗಂಟೆ ಮೊದಲು ಬಂದಿದ್ದರೆ ಉಳಿಸಲು ನೋಡಬಹುದಿತ್ತು ಎಂದು ಅಲ್ಲಿನ ವೈದ್ಯರು ಹೇಳಿದರಂತೆ. ಆ ವೈದ್ಯರು ಬೇರೆ ಯಾರೂ ಅಲ್ಲ, ನಮ್ಮೂರಿನಿಂದ ವರ್ಗವಾಗಿ ಹೋದವರೇ. ಜೊತೆಗೆ ಹೋಗಿದ್ದ ನರ್ಸಮ್ಮ ಒಂದು ಸಂಗತಿಯನ್ನು ನನಗೊಬ್ಬನಿಗೇ ಹೇಳಿದರು, ಅದನ್ನು ಗುಮಾಸ್ತನಿಗೆ ಈವರೆಗೆ ನಾನು ಹೇಳಿಲ್ಲ. ದಾರಿಯುದ್ದಕ್ಕೂ ಅವಳು ನರ್ಸಮ್ಮನ ಕೈಗಡಿಯಾರದಲ್ಲಿ ಹೊತ್ತು ಕೇಳುತ್ತಲೇ ಇದ್ದಳಂತೆ. ನಲವತ್ತೇಳು ನಿಮಿಷವಾದಾಗ ಹಲ್ಲುಕಚ್ಚಿ ಸ್ವಲ್ಪ ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಇಳಿಯಲು ಸಿದ್ಧಳಾದಳಂತೆ.

ಮುಂದಿನ ವಾರ ಕೇಂದ್ರ ಕಚೇರಿಯಿಂದ 'ವಿಳಂಬ ವಿವರಣೆ' ಕೇಳಿ ಪತ್ರ ಬಂತು. ಮೂವತ್ತಾರು ನಿಮಿಷದ ವಿಳಂಬಕ್ಕೆ ಕಾರಣವೇನು? ಎದುರುಗಾಳಿ ಎಂದು ಬರೆದು ಕಳಿಸಿದನು. ಹಿಂದಿರುಗಿ ಬಂತು. ಹದಿನೆಂಟು ವರ್ಷಗಳಲ್ಲಿ ಗಾಳಿಯಿಂದ ಒಂದು ವಿಳಂಬವೂ ಆಗಿರದ ಕಾರಣ ಸದರಿ ವಿವರಣೆ ತೃಪ್ತಿಕರವಾಗಿಲ್ಲ. ಸೂಕ್ತ ಕಾರಣ ನಮೂದಿಸಿ.

ಅದನ್ನು ಹಿಡಿದುಕೊಂಡು ಅವನು ನನ್ನ ಮನೆಗೆ ಬಂದನು. ಏನು ಬರೆಯಲಿ ಎಂದು ಕೇಳಿದನು. ನಾನು ಕನ್ನಡಕ ಹಾಕಿಕೊಂಡು ಒಂದು ಬಿಳಿಹಾಳೆ ತೆಗೆದು ಮೊದಲಿನಿಂದ ಲೆಕ್ಕ ಮಾಡಿದೆನು. ಆ ದಿನ ಮೇಲಿನ ಗಾಳಿ ಎಷ್ಟಿತ್ತೆಂದು ಕೇಳಿದೆ; ನೂರ ಮೂವತ್ತು ಎಂದನು. ಮುನ್ನೂರರಲ್ಲಿ ನೂರ ಮೂವತ್ತು ಕಳೆದರೆ ನೂರ ಎಪ್ಪತ್ತು. ಇನ್ನೂರ ಮೂವತ್ತೈದನ್ನು ಅದರಿಂದ ಭಾಗಿಸಿ ಅರವತ್ತರಿಂದ ಗುಣಿಸಿದೆನು. ಎಂಬತ್ತಮೂರಕ್ಕೆ ಕೂದಲೆಳೆಯಷ್ಟು ಕಡಿಮೆ. ಉತ್ತರ ಬಂದ ಮೇಲೆ ಹಾಳೆಯನ್ನು ಅವನ ಕಡೆ ತಿರುಗಿಸಿದೆನು. ಅವನು ಬಹಳ ಹೊತ್ತು ನೋಡಿದನು.

"ಇಷ್ಟೇ ಸುಲಭ ಇತ್ತಲ್ಲ ಮೇಷ್ಟ್ರೇ," ಎಂದನು.

ಆ ಹಾಳೆಯನ್ನು ವಿವರಣೆಗೆ ಲಗತ್ತಿಸಿದೆವು. ಅದಕ್ಕೆ ಇಂದಿನವರೆಗೆ ಮರುತ್ತರವಿಲ್ಲ. ಈಗ ಅವನೂ ಆಚೆಯವನೂ ಗಡಿಯಾರ ನೋಡಿಯೇ ಬರೆಯುತ್ತಾರೆ. ಎಪ್ಪತ್ತೊಂದು, ಅರವತ್ತೆಂಟು, ಎಪ್ಪತ್ತಾರು. ಪ್ರತಿಯೊಂದಕ್ಕೂ ಮೂರು ಪುಟದ ವಿವರಣೆ, ಪ್ರತಿಯೊಂದೂ ಹಿಂದಿರುಗಿ ಬರುತ್ತದೆ. ಕೌಂಟರಿನ ಕೆಳಗೆ ಅವನ್ನು ಜೋಡಿಸಿಡುತ್ತಾನೆ. ಆಪರೇಷನ್ ಕೋಣೆಯ ಬೀಗ ಹಾಕಿದ ಹಾಗೆಯೇ ಇದೆ. ದಾಖಲೆಯನ್ನು ಮರುಪರಿಶೀಲಿಸಲು ಕನಿಷ್ಠ ಐದು ವರ್ಷಗಳ ಅಂಕಿ ಬೇಕಂತೆ.

ಊರಿನಲ್ಲಿ ಈಗ ಯಾರೂ ಅವನನ್ನು ನಲವತ್ತೇಳು ಎಂದು ಕರೆಯುವುದಿಲ್ಲ. ಬೇರೆ ಏನೆಂದು ಕರೆಯಬೇಕೆಂದು ತಿಳಿಯದೆ, ಕರೆಯುವುದನ್ನೇ ಕಡಿಮೆ ಮಾಡಿದ್ದಾರೆ.

ತಂಗಿ ಎರಡು ತಿಂಗಳ ಮೇಲೆ ಅಂಗಡಿಗೆ ಹಿಂದಿರುಗಿದಳು. ನಾನು ಮಾಡಿದ ಚಹಾವನ್ನು ಒಂದು ಗುಟುಕು ಕುಡಿದು ಮಿಕ್ಕದ್ದನ್ನು ಚೆಲ್ಲಿದಳು. ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಅಣ್ಣನನ್ನು ಒಂದು ಮಾತೂ ಆಡಿಲ್ಲ. ಮೊದಲಿನಂತೆಯೇ ಅವನ ಲೋಟಕ್ಕೆ ಸಕ್ಕರೆ ಹಾಕಿ ಇಡುತ್ತಾಳೆ, ಕದಡುವುದಿಲ್ಲ. ಮೊನ್ನೆ ಹೊರಗಿನಿಂದ ಬಂದ ಪ್ರಯಾಣಿಕರೊಬ್ಬರು ಚಹಾ ಕುಡಿಯುತ್ತ, ಆಚೆಗೆ ಎಷ್ಟು ಹೊತ್ತಿನ ಹಾರಾಟವಮ್ಮಾ ಎಂದು ಕೇಳಿದರು. ತೂಕದ ಯಂತ್ರದ ಹಿಂದೆ ಅವನು ತಲೆ ಎತ್ತಿದನು. ಅವಳು ಚಹಾ ಸೋಸುವುದನ್ನು ಮುಗಿಸಿ, ಲೋಟವನ್ನು ಒರೆಸಿ, ಅದರ ಜಾಗದಲ್ಲಿಟ್ಟು ಆಮೇಲೆ ಹೇಳಿದಳು.

"ಹೋಗಿ ಮುಟ್ಟಿದ ಮೇಲೆ ಗೊತ್ತಾಗುತ್ತೆ ಸ್ವಾಮಿ."

ಅವನು ತಲೆ ತಗ್ಗಿಸಿ, ಮುಂದಿನವರನ್ನು ಯಂತ್ರದ ಮೇಲೆ ನಿಲ್ಲಲು ಹೇಳಿದನು.